ಸ್ವಾಲ್‌ಬಾರ್ಡ್: ಬರಲು ಅಡ್ಡಿಯಿಲ್ಲ, ಬದುಕುವುದು ನಿಮ್ಮ ಹೊಣೆ

ಯಾವ ದೇಶದವರಾದರೂ ಸರಿ, ವೀಸಾ ಕೇಳದೆ ಒಳಗೆ ಬಿಟ್ಟುಕೊಳ್ಳುವ ನಾಡೊಂದು ಈ ಭೂಮಿಯ ಮೇಲಿದೆ. ಕಾಗದಪತ್ರಗಳ ಕಟ್ಟು ಹಿಡಿದು ವೀಸಾ ಕಚೇರಿಯ ಸಾಲಿನಲ್ಲಿ ನಿಂತು ಬಂದವರಿಗೆ ಇದನ್ನು ನಂಬುವುದು ಕಷ್ಟ. ಅಲ್ಲಿ ನೆಲೆಸಲು ಪರವಾನಗಿ ಬೇಡ, ದುಡಿಯಲೂ ಪರವಾನಗಿ ಬೇಡ. ಆದರೆ ಇದೇ ನಾಡಿನಲ್ಲಿ ಹೆರಿಗೆ ಮಾಡಿಸುವುದಿಲ್ಲ, ಮುದುಕರನ್ನು ನೋಡಿಕೊಳ್ಳುವ ಏರ್ಪಾಡಿಲ್ಲ, ಸತ್ತವರನ್ನು ಶವಪೆಟ್ಟಿಗೆಯಲ್ಲಿಟ್ಟು ಹೂಳಲು ಜಾಗವಿಲ್ಲ. ಬರುವವರನ್ನು ತಡೆಯುವುದಿಲ್ಲ, ಬಂದವರ ಹೊಣೆಯನ್ನೂ ಹೊರುವುದಿಲ್ಲ.

ಇದು ಸ್ವಾಲ್‌ಬಾರ್ಡ್. ನಾರ್ವೆಯ ಉತ್ತರ ತುದಿಗೂ ಉತ್ತರ ಧ್ರುವಕ್ಕೂ ನಡುವೆ, 74ರಿಂದ 81 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹರಡಿರುವ ದ್ವೀಪಸಮೂಹ. ವಿಸ್ತೀರ್ಣ ಸುಮಾರು 61 ಸಾವಿರ ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹಿಮನದಿಗಳ ಅಡಿಯಲ್ಲಿದೆ. ಜನಸಂಖ್ಯೆ ಮೂರು ಸಾವಿರವನ್ನೂ ಮುಟ್ಟುವುದಿಲ್ಲ. ಅವರಲ್ಲಿ ಬಹುಪಾಲು ಮಂದಿ ಇರುವುದು ಮುಖ್ಯ ಪಟ್ಟಣವಾದ ಲಾಂಗ್‌ಯಿಯರ್‌ಬೀನ್‌ನಲ್ಲಿ. 1906ರಲ್ಲಿ ಇಲ್ಲಿ ಕಲ್ಲಿದ್ದಲು ಗಣಿ ತೆರೆದ ಅಮೆರಿಕದ ಉದ್ಯಮಿ ಜಾನ್ ಮನ್ರೋ ಲಾಂಗ್‌ಯಿಯರ್ ಅವರ ಹೆಸರೇ ಊರಿಗೂ ನಿಂತಿತು. ಅಲ್ಲಿಂದ ಉತ್ತರ ಧ್ರುವಕ್ಕೆ ಸುಮಾರು 1,300 ಕಿಲೋಮೀಟರು.

ಇಂದು ಓಸ್ಲೋದಿಂದ ವಿಮಾನ ಹತ್ತಿದರೆ ಸುಮಾರು ಮೂರು ಗಂಟೆಯಲ್ಲಿ ಅಲ್ಲಿ ಇಳಿಯಬಹುದು. ಭಾರತೀಯ ಪ್ರವಾಸಿಗರೂ ಈಗ ಅಲ್ಲಿಗೆ ಹೋಗುತ್ತಿದ್ದಾರೆ. ದಾರಿ ಸುಲಭವಾಗಿರುವುದರಿಂದಲೇ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅಲ್ಲಿ ಮನುಷ್ಯನನ್ನು ಕೊಲ್ಲುವುದು ಚಳಿಯೊಂದೇ ಅಲ್ಲ, ಸಹಾಯ ದೂರದಲ್ಲಿರುವುದು. ನಮ್ಮಲ್ಲಿ ಸಣ್ಣ ತಪ್ಪು ಎನಿಸುವುದು ಅಲ್ಲಿ ಪ್ರಾಣಕ್ಕೆ ಎರವಾಗಬಹುದು.

ವೀಸಾ ಬೇಡ, ಆದರೂ ಬೇಕು

ಬಾಗಿಲು ಹೀಗೆ ತೆರೆದಿರಲು ಕಾರಣ 1920ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಒಂದು ಒಪ್ಪಂದ. 1596ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಈ ದ್ವೀಪಗಳನ್ನು ಕಂಡಂದಿನಿಂದ ಮೂರು ಶತಮಾನಗಳ ಕಾಲ ಇವು ಯಾರಿಗೂ ಸೇರಿರಲಿಲ್ಲ. ತಿಮಿಂಗಿಲ ಹಿಡಿಯುವವರು ಬಂದರು, ತುಪ್ಪಳಕ್ಕಾಗಿ ಬೇಟೆಗಾರರು ಬಂದರು, ಕಡೆಗೆ ಕಲ್ಲಿದ್ದಲು ಅಗೆಯುವವರು ಬಂದರು. ಗಣಿ ಬಂದ ಮೇಲೆ ಜಗಳ ಬಂತು, ಜಗಳ ತೀರಿಸಲು ಕಾನೂನು ಬೇಕಾಯಿತು. ಒಪ್ಪಂದ ದ್ವೀಪಗಳ ಸಾರ್ವಭೌಮತ್ವವನ್ನು ನಾರ್ವೆಗೆ ಕೊಟ್ಟಿತು. ಆದರೆ ಸಹಿ ಹಾಕಿದ ಎಲ್ಲ ದೇಶಗಳ ಪ್ರಜೆಗಳಿಗೂ ಅಲ್ಲಿಗೆ ಬರಲು, ಉದ್ಯಮ ನಡೆಸಲು ಸಮಾನ ಹಕ್ಕಿರಬೇಕೆಂದು ಷರತ್ತು ಹಾಕಿತು. ಆಗ ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಭಾರತವೂ ಈ ಒಪ್ಪಂದದೊಳಗೆ ಸೇರಿತ್ತು. ಹಾಗಾಗಿ ಸ್ವಾಲ್‌ಬಾರ್ಡಿಗೆ ಹೋಗುವುದು ನಮ್ಮ ಮಟ್ಟಿಗೆ ನೂರು ವರ್ಷದಷ್ಟು ಹಳೆಯ ಹಕ್ಕು.

ಆದರೆ ಹಕ್ಕು ಬೇರೆ, ದಾರಿ ಬೇರೆ. ಸಾಮಾನ್ಯವಾಗಿ ಅಲ್ಲಿಗೆ ಹೋಗಬೇಕಾದರೆ ನಾರ್ವೆಯ ಮೂಲಕವೇ ಹೋಗಬೇಕು. ನಾರ್ವೆ ಷೆಂಗೆನ್ ಒಕ್ಕೂಟದ ಒಳಗಿದೆ, ಸ್ವಾಲ್‌ಬಾರ್ಡ್ ಹೊರಗಿದೆ. ಓಸ್ಲೋದಲ್ಲಿ ಇಳಿದರೆ ಷೆಂಗೆನ್ ಪ್ರದೇಶಕ್ಕೆ ಒಮ್ಮೆ ಪ್ರವೇಶ ಮಾಡಿದಂತೆ. ಸ್ವಾಲ್‌ಬಾರ್ಡಿಗೆ ಹೊರಟಾಗ ಅದರಿಂದ ಹೊರಗೆ ಹೋದಂತೆ. ಮರಳಿ ಬರುವಾಗ ಅದು ಎರಡನೆಯ ಪ್ರವೇಶ. ಆದ್ದರಿಂದ ಭಾರತೀಯರು ಕನಿಷ್ಠ ಎರಡು ಸಲ ಪ್ರವೇಶಿಸಲು ಅವಕಾಶವಿರುವ ಷೆಂಗೆನ್ ವೀಸಾವನ್ನೇ ಕೇಳಿ ಪಡೆಯಬೇಕು. ಒಂದೇ ಪ್ರವೇಶದ ವೀಸಾ ಹಿಡಿದು ಹೋದವರಿಗೆ ಹೋಗುವ ದಾರಿ ಇರುತ್ತದೆ, ಬರುವ ದಾರಿ ಇರುವುದಿಲ್ಲ. ನಾರ್ವೆಯೊಳಗಿನ ಪ್ರಯಾಣ ಎಂದುಕೊಂಡು ಪಾಸ್‌ಪೋರ್ಟನ್ನು ಓಸ್ಲೋದ ಹೋಟೆಲಿನಲ್ಲಿ ಬಿಟ್ಟು ಹೋಗಲೂ ಆಗದು. ವಿಮಾನ ನಿಲ್ದಾಣದಲ್ಲಿ ತಪಾಸಣೆ ಉಂಟು.

ಹುಟ್ಟು, ಮುಪ್ಪು, ಸಾವು

ಸ್ವಾಲ್‌ಬಾರ್ಡಿನಲ್ಲಿ ಸಾಯುವುದು ಕಾನೂನುಬಾಹಿರ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದು ನಿಜವಲ್ಲ, ಸಾವನ್ನು ನಿಷೇಧಿಸಲು ಯಾವ ಸರ್ಕಾರಕ್ಕೂ ಆಗದು. ನಿಜವಿರುವುದು ಇಷ್ಟು: ಲಾಂಗ್‌ಯಿಯರ್‌ಬೀನ್‌ನ ಸಣ್ಣ ಸ್ಮಶಾನದಲ್ಲಿ ಶವಪೆಟ್ಟಿಗೆ ಹೂಳುವುದನ್ನು ನಿಲ್ಲಿಸಿ ಹಲವು ದಶಕಗಳೇ ಕಳೆದಿವೆ. ಅಲ್ಲಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಸುಮಾರು ಒಂದು ಮೀಟರಿನಷ್ಟು ಮಾತ್ರ ಕರಗಿ, ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಹೀಗೆ ಹಿಗ್ಗಿ ಕುಗ್ಗುವ ಮಣ್ಣು ತನ್ನೊಳಗಿರುವುದನ್ನೆಲ್ಲ ನಿಧಾನವಾಗಿ ಮೇಲಕ್ಕೆ ತಳ್ಳುತ್ತದೆ. ಹೂತದ್ದು ಹೂತಲ್ಲೇ ಇರುವುದಿಲ್ಲ.

ಆ ಸ್ಮಶಾನದಲ್ಲಿ ಏಳು ಯುವಕರ ಸಮಾಧಿಗಳಿವೆ. 1918ರ ಶರತ್ಕಾಲದಲ್ಲಿ ಗಣಿ ಕೆಲಸಕ್ಕೆಂದು ಹಡಗು ಹತ್ತಿ ಬಂದವರು ಅವರು. ದಾರಿಯಲ್ಲೇ ಅವರನ್ನು ಸ್ಪ್ಯಾನಿಷ್ ಫ್ಲೂ ಹಿಡಿದಿತ್ತು. ಊರು ಮುಟ್ಟಿದ ಕೆಲವೇ ದಿನಗಳಲ್ಲಿ ಏಳೂ ಮಂದಿ ತೀರಿಕೊಂಡರು. ಕೋಟ್ಯಂತರ ಜನರನ್ನು ಬಲಿ ತೆಗೆದುಕೊಂಡ ಆ ರೋಗದ ವೈರಸ್ ಹೆಪ್ಪುಗಟ್ಟಿದ ದೇಹಗಳಲ್ಲಿ ಉಳಿದಿರಬಹುದೆಂದು 1998ರಲ್ಲಿ ವಿಜ್ಞಾನಿಗಳ ತಂಡವೊಂದು ಸಮಾಧಿಗಳನ್ನು ಅಗೆಯಿತು. ಜೀವಂತ ವೈರಸ್ ಸಿಗಲಿಲ್ಲ. ಪೆಟ್ಟಿಗೆಗಳು ಆಳದ ಶಾಶ್ವತ ಮಂಜಿನಲ್ಲಿರದೆ, ವರ್ಷವರ್ಷವೂ ಕರಗಿ ಹೆಪ್ಪುಗಟ್ಟುವ ಮೇಲ್ಪದರದಲ್ಲೇ ಇದ್ದವು.

ಹುಟ್ಟಿನ ಕಥೆಯೂ ಇಂಥದ್ದೇ. ಗರ್ಭಿಣಿಯರು ದಿನ ತುಂಬುವ ಸುಮಾರು ಮೂರು ವಾರ ಮೊದಲೇ ನಾರ್ವೆಯ ಮುಖ್ಯಭೂಮಿಗೆ ಹೋಗಬೇಕು. ಹೆರಿಗೆಯಲ್ಲಿ ತೊಡಕಾದರೆ ನಿಭಾಯಿಸುವ ಸೌಲಭ್ಯ ಊರಿನಲ್ಲಿಲ್ಲ. ವೃದ್ಧಾಶ್ರಮವಿಲ್ಲ. ನಾರ್ವೆ ತನ್ನ ಪ್ರಜೆಗಳಿಗೆ ಕೊಡುವ ಸಾಮಾಜಿಕ ನೆರವಿನ ವ್ಯವಸ್ಥೆ ಇಲ್ಲಿಗೆ ಹಾಗೆಯೇ ಅನ್ವಯಿಸುವುದಿಲ್ಲ. ತನ್ನ ಖರ್ಚನ್ನು ತಾನು ನೋಡಿಕೊಳ್ಳಲಾಗದವನನ್ನು ದ್ವೀಪದಿಂದ ಹೊರಗೆ ಕಳಿಸುವ ಅಧಿಕಾರ ಗವರ್ನರ್ ಕಚೇರಿಗಿದೆ. ಥಾಯ್ಲೆಂಡ್, ಫಿಲಿಪ್ಪೀನ್ಸ್‌ಗಳಿಂದ ಬಂದು ಹೋಟೆಲು, ಅಂಗಡಿಗಳಲ್ಲಿ ದುಡಿಯುತ್ತಿರುವ ಎಷ್ಟೋ ಮಂದಿಗೂ ಇದೇ ನಿಯಮ. ಗಟ್ಟಿಮುಟ್ಟಾಗಿ ಇರುವಷ್ಟು ದಿನ ಇರಬಹುದು, ಕೈಲಾಗದ ದಿನ ಹೊರಡಬೇಕು.

ನಾಲ್ಕು ದಿನದ ಪ್ರವಾಸಿಗೆ ಇದರಿಂದೇನು ಎಂದು ಕೇಳಬಹುದು. ಪ್ರವಾಸಿಗೂ ಇದೇ ಲೆಕ್ಕ ಅನ್ವಯಿಸುತ್ತದೆ, ಅಷ್ಟೆ.

ಆಸ್ಪತ್ರೆ ಎಷ್ಟು ದೂರ?

ಲಾಂಗ್‌ಯಿಯರ್‌ಬೀನ್‌ನಲ್ಲಿ ಒಂದು ಆಸ್ಪತ್ರೆಯಿದೆ. ಕೆಲವೇ ಹಾಸಿಗೆಗಳ ಪುಟ್ಟ ಆಸ್ಪತ್ರೆ. ತುರ್ತು ಚಿಕಿತ್ಸೆ ಕೊಡುತ್ತಾರೆ, ಮುರಿದ ಮೂಳೆಗೆ ಪಟ್ಟು ಹಾಕುತ್ತಾರೆ. ಹೃದಯಾಘಾತ, ದೊಡ್ಡ ಅಪಘಾತ, ಕಷ್ಟದ ಶಸ್ತ್ರಚಿಕಿತ್ಸೆ ಎಂದಾದರೆ ಸುಮಾರು ಒಂದು ಸಾವಿರ ಕಿಲೋಮೀಟರು ದಕ್ಷಿಣದ ಟ್ರೋಮ್ಸೋ ನಗರಕ್ಕೆ ಆಂಬುಲೆನ್ಸ್ ವಿಮಾನದಲ್ಲಿ ಸಾಗಿಸಬೇಕು. ಹಾರಾಟ ಒಂದೂವರೆ ಗಂಟೆಯದು. ಆದರೆ ಗಾಳಿ, ಮಂಜು ಬಿಟ್ಟುಕೊಟ್ಟಾಗ ಮಾತ್ರ.

ಊರಿನಿಂದ ಹೊರಗೆ ಇನ್ನೂ ಕಷ್ಟ. ಒಂದು ಊರಿನಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಮೋಟಾರು ವಾಹನ ಇಲ್ಲವೆ ನಾಯಿಗಳು ಎಳೆಯುವ ಗಾಡಿ, ಬೇಸಿಗೆಯಲ್ಲಿ ದೋಣಿ. ಅಪಾಯವಾದರೆ ಗವರ್ನರ್ ಕಚೇರಿಯ ಹೆಲಿಕಾಪ್ಟರ್ ಬರಬೇಕು. ದೂರದ ಪ್ರದೇಶಗಳಿಗೆ ಸ್ವಂತವಾಗಿ ಹೋಗುವವರು ಮೊದಲೇ ಆ ಕಚೇರಿಗೆ ತಿಳಿಸಬೇಕು. ಹುಡುಕಾಟ ಮತ್ತು ರಕ್ಷಣೆಯ ವೆಚ್ಚ ಭರಿಸುವ ವಿಮೆಯನ್ನು ತೋರಿಸಬೇಕು. ಊರಿನ ಆಸುಪಾಸಿನಲ್ಲೇ ಇರುವವರಿಗೆ ಈ ನಿಯಮ ಇಲ್ಲದಿದ್ದರೂ ವಿಮೆಯಿಲ್ಲದೆ ಹೋಗುವುದು ಜಾಣತನವಲ್ಲ. ವಿಮೆಯ ಕಾಗದದಲ್ಲಿ ನೋಡಬೇಕಾದ್ದು ಎರಡು ಸಂಗತಿ: ರೋಗಿಯನ್ನು ವಿಮಾನದಲ್ಲಿ ಸಾಗಿಸುವ ವೆಚ್ಚ ಅದರಲ್ಲಿ ಸೇರಿದೆಯೆ? ಸ್ವಾಲ್‌ಬಾರ್ಡ್ ಅದರ ವ್ಯಾಪ್ತಿಗೆ ಬರುತ್ತದೆಯೆ? ಯೂರೋಪ್ ಎಂದು ಬರೆದಿದ್ದರೆ ಸಾಲದು, ಹೆಸರು ಹೇಳಿಯೇ ಕೇಳಿಕೊಳ್ಳಬೇಕು.

ದಿನವೂ ನುಂಗುವ ಮಾತ್ರೆಗಳಿದ್ದರೆ ಪ್ರವಾಸಕ್ಕೆ ಬೇಕಾದ್ದಕ್ಕಿಂತ ಒಂದು ವಾರದಷ್ಟು ಹೆಚ್ಚಾಗಿ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಒಯ್ಯಬೇಕು. ಹವೆ ಕೆಟ್ಟು ವಿಮಾನ ತಡವಾಗುವುದು ಅಲ್ಲಿ ಅಪರೂಪವಲ್ಲ. ಊರಿನಲ್ಲಿ ಔಷಧದ ಅಂಗಡಿಯಿದ್ದರೂ ನಮ್ಮ ಮಾತ್ರೆಯೇ ಅಲ್ಲಿ ಸಿಕ್ಕೀತೆಂಬ ಭರವಸೆಯಿಲ್ಲ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ಬೆನ್ನಚೀಲದಲ್ಲಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಮೈಗೆ ತಾಗಿದಂತೆ ಒಳಜೇಬಿನಲ್ಲಿರಲಿ. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುವುದರಿಂದ ಹೃದ್ರೋಗವಿರುವವರು ವೈದ್ಯರನ್ನು ಕೇಳದೆ ಹೊರಡಬಾರದು. ಹುಳುಕು ಹಲ್ಲಿದ್ದರೆ ಊರಿನಲ್ಲೇ ತೋರಿಸಿಕೊಂಡು ಹೋಗುವುದು ಮೇಲು.

ಚಳಿಯ ಕೆಲಸ

ಬೇಸಿಗೆಯ ಜುಲೈ ತಿಂಗಳಲ್ಲಿ ಲಾಂಗ್‌ಯಿಯರ್‌ಬೀನ್‌ನ ಉಷ್ಣತೆ ಸಾಮಾನ್ಯವಾಗಿ 5ರಿಂದ 8 ಡಿಗ್ರಿ ಸೆಲ್ಸಿಯಸ್. ಚಳಿಗಾಲದಲ್ಲಿ ಮೈನಸ್ 15, ಮೈನಸ್ 20 ಸಹಜ. ಆದರೆ ಉಷ್ಣಮಾಪಕ ಪೂರ್ತಿ ಸತ್ಯ ಹೇಳುವುದಿಲ್ಲ. ಮೈನಸ್ 20ರಲ್ಲಿ ಗಂಟೆಗೆ 36 ಕಿಲೋಮೀಟರು ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 33ರಂತೆ. ಹಿಮವಾಹನದ ಮೇಲೆ ಕೂತವನಿಗೆ ಗಾಳಿ ಇಲ್ಲದ ದಿನವೂ ಗಾಳಿಯೇ.

ಬಟ್ಟೆಯ ವಿಷಯದಲ್ಲಿ ಒಂದು ದಪ್ಪ ಕೋಟಿಗಿಂತ ಮೂರು ಪದರ ಮೇಲು. ಮೈಗೆ ತಾಗುವಂತೆ ತೆಳು ಉಣ್ಣೆ, ಅದರ ಮೇಲೆ ದಪ್ಪ ಉಣ್ಣೆ, ಹೊರಗೆ ಗಾಳಿ ನುಗ್ಗದ ಹೊದಿಕೆ. ನಮಗೆ ಪ್ರಿಯವಾದ ಹತ್ತಿ ಬಟ್ಟೆ ಅಲ್ಲಿ ಶತ್ರು. ಬೆವರು ಹೀರಿ ಒದ್ದೆಯಾದ ಹತ್ತಿ ಮೈಯ ಶಾಖವನ್ನು ಎಳೆದುಬಿಡುತ್ತದೆ. ಬೂಟು ಬಿಗಿಯಾಗಿರಬಾರದು, ರಕ್ತ ಹರಿಯದ ಬೆರಳು ಬೇಗ ಹೆಪ್ಪುಗಟ್ಟುತ್ತದೆ.

ಹಾಗೆ ಹೆಪ್ಪುಗಟ್ಟುವುದು ಮೊದಲು ಮೂಗು, ಕಿವಿ, ಕೆನ್ನೆ, ಬೆರಳುಗಳಲ್ಲಿ. ಚರ್ಮ ಬಿಳಿಚಿಕೊಂಡು ಮೇಣದಂತಾಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಆ ಬಿಳುಪು ಅಷ್ಟು ಎದ್ದು ಕಾಣದು; ಬೂದಿ ಬಣ್ಣ ಬಂದಂತೆ ತೋರಬಹುದು. ನೋವು ನಿಂತು ಜೋಮು ಹಿಡಿದದ್ದೇ ನಂಬಬೇಕಾದ ಗುರುತು. ತನ್ನ ಮುಖ ತನಗೆ ಕಾಣದು, ಆದ್ದರಿಂದ ಜೊತೆಗಿರುವವರು ಆಗಾಗ ಪರಸ್ಪರ ಮುಖ ನೋಡಿಕೊಳ್ಳಬೇಕು. ಆ ಭಾಗವನ್ನು ಉಜ್ಜಬಾರದು, ಹಿಮದಿಂದಂತೂ ಉಜ್ಜಲೇಬಾರದು. ಬೆಚ್ಚಗಿನ ಅಂಗೈ ಒತ್ತಿ ಹಿಡಿಯಬೇಕು, ಬೆರಳಾದರೆ ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಬೇಗ ಒಳಗೆ ಸೇರಬೇಕು.

ಮೈಯ ಒಳಗಿನ ಶಾಖವೇ ಇಳಿಯತೊಡಗಿದರೆ ಅದು ಇನ್ನೂ ದೊಡ್ಡ ಅಪಾಯ. ಮೊದಲು ವಿಪರೀತ ನಡುಕ, ಆಮೇಲೆ ತೊದಲು ಮಾತು, ತಡವರಿಸುವ ಕೈಕಾಲು. ನಡುಕ ನಿಂತಿತೆಂದರೆ ಸುಧಾರಿಸಿತು ಎಂದುಕೊಳ್ಳಬಾರದು. ದೇಹ ಸೋಲುತ್ತಿದೆ ಎಂದರ್ಥ. ಒಂದು ಗುಟುಕು ಮದ್ಯ ಮೈ ಬೆಚ್ಚಗಿಡುತ್ತದೆ ಎಂಬ ನಂಬಿಕೆಯೂ ತಪ್ಪು. ಅದು ಚರ್ಮದ ರಕ್ತನಾಳಗಳನ್ನು ಅಗಲಿಸಿ, ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ. ನೀರು ಕುಡಿಯುವುದನ್ನು ಮರೆಯಬಾರದು. ಒಣ ಹವೆಯಲ್ಲಿ ಉಸಿರಿನ ಜೊತೆಗೇ ನೀರು ಹೋಗುತ್ತಿರುತ್ತದೆ, ಬಾಯಾರಿಕೆ ಮಾತ್ರ ತಿಳಿಯುವುದಿಲ್ಲ.

ಹಗಲು ರಾತ್ರಿಗಳ ಲೆಕ್ಕ

ಏಪ್ರಿಲ್ ಮೂರನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಹುಟ್ಟುವುದಿಲ್ಲ. ಸುತ್ತ ಬೆಟ್ಟಗಳಿರುವುದರಿಂದ ಊರಿನೊಳಗೆ ಮೊದಲ ಬಿಸಿಲು ಬೀಳುವುದು ಮಾರ್ಚ್ 8ರ ಸುಮಾರಿಗೆ. ಆ ದಿನ ಊರಿನವರು ಮಕ್ಕಳು ಮರಿಗಳೊಂದಿಗೆ ಹಳೆಯ ಆಸ್ಪತ್ರೆಯ ಮೆಟ್ಟಿಲುಗಳ ಬಳಿ ಕಾದು ನಿಂತು ಸೂರ್ಯನನ್ನು ಎದುರುಗೊಳ್ಳುತ್ತಾರೆ.

ಬೇಸಿಗೆಯಲ್ಲಿ ಹೋಗುವವರು ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ ಒಯ್ಯಬೇಕು. ಬೆಳಕಿದೆಯೆಂದು ನಡೆಯುತ್ತಲೇ ಇದ್ದು ದಣಿದು ಬೀಳುವವರುಂಟು. ಊಟ, ನಿದ್ದೆಗಳನ್ನು ಗಡಿಯಾರ ನೋಡಿಯೇ ಮಾಡಬೇಕು. ವಸಂತದಲ್ಲಿ ಹಿಮದ ಮೇಲೆ ಬಿದ್ದು ಚಿಮ್ಮುವ ಬಿಸಿಲು ಕಣ್ಣನ್ನು ಸುಡುತ್ತದೆ. ಒಳ್ಳೆಯ ಕಪ್ಪು ಕನ್ನಡಕ ಶೋಕಿಯಲ್ಲ, ಔಷಧ.

ಕರಡಿ, ನರಿ, ನೀರು

ಊರಿನ ಅಂಚಿನಲ್ಲಿ ಹಿಮಕರಡಿಯ ಚಿತ್ರವಿರುವ ಒಂದು ಎಚ್ಚರಿಕೆಯ ಫಲಕವಿದೆ. ಇದು ಇಡೀ ಸ್ವಾಲ್‌ಬಾರ್ಡಿಗೆ ಅನ್ವಯಿಸುತ್ತದೆ ಎಂದು ಅದರಡಿ ಬರೆದಿದೆ. ಪ್ರವಾಸಿಗಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಫಲಕ ತಮಾಷೆಗಲ್ಲ. 1971ರಿಂದ 2020ರವರೆಗೆ ಹಿಮಕರಡಿಗಳ ದಾಳಿಗೆ ಅಲ್ಲಿ ಆರು ಮಂದಿ ಬಲಿಯಾದರು. 2020ರ ಆಗಸ್ಟಿನಲ್ಲಿ ಸತ್ತ ವ್ಯಕ್ತಿ ಇದ್ದದ್ದು ಯಾವುದೋ ದೂರದ ಹಿಮಬಯಲಿನಲ್ಲಲ್ಲ, ವಿಮಾನ ನಿಲ್ದಾಣದ ಹತ್ತಿರದ ಡೇರೆ ತಾಣದಲ್ಲಿ. ಊರಿನ ಎಲ್ಲೆ ದಾಟುವವರ ಬಳಿ ಕರಡಿಯನ್ನು ಹೆದರಿಸುವ ಸಾಧನ ಇರಲೇಬೇಕು ಎಂಬುದು ಕಾನೂನು. ಬಂದೂಕನ್ನೂ ಒಯ್ಯಬೇಕೆಂಬುದು ಆಡಳಿತದ ಸಲಹೆ. ನಮ್ಮಂಥವರಿಗೆ ಸರಿಯಾದ ದಾರಿ, ಬಂದೂಕು ಬಲ್ಲ ಮಾರ್ಗದರ್ಶಿಯ ಜೊತೆಯಲ್ಲದೆ ಊರಿನಿಂದ ಹೊರಗೆ ಕಾಲಿಡದಿರುವುದು. ಕರಡಿಯ ರಕ್ಷಣೆಗೂ ಕಾನೂನಿದೆ. 1973ರಿಂದ ಅದರ ಬೇಟೆ ನಿಷಿದ್ಧ. 2025ರಿಂದ ಜಾರಿಯಾದ ನಿಯಮದಂತೆ ಅದರಿಂದ 300 ಮೀಟರು, ಮಾರ್ಚಿನಿಂದ ಜೂನ್‌ವರೆಗೆ 500 ಮೀಟರು ದೂರವಿರಬೇಕು.

ಕರಡಿಗಿಂತ ಮುದ್ದಾಗಿ ಕಾಣುವ ಧ್ರುವನರಿಯಿಂದಲೂ ದೂರವಿರಬೇಕು. ನರಿಗಳಲ್ಲೂ ಹಿಮಸಾರಂಗಗಳಲ್ಲೂ ಹುಚ್ಚುನಾಯಿ ರೋಗದ ವೈರಸ್ ಕಂಡುಬಂದಿದೆ. ಸತ್ತ ಪ್ರಾಣಿಯನ್ನು ಮುಟ್ಟಬಾರದು. ಕಚ್ಚಿಸಿಕೊಂಡರೆ ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಧಾವಿಸಬೇಕು. ನರಿಯ ಹೊಟ್ಟೆಯಲ್ಲಿ ಬೆಳೆಯುವ, ಮನುಷ್ಯನ ಯಕೃತ್ತಿಗೆ ಮಾರಕವಾದ ಒಂದು ಜಾತಿಯ ಲಾಡಿಹುಳುವೂ ಅಲ್ಲಿದೆ. ಆದ್ದರಿಂದ ಹೊರಗೆ ಹರಿಯುವ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬಾರದು. ಊರಿನ ನಲ್ಲಿ ನೀರಿಗೆ ಈ ಭಯವಿಲ್ಲ.

ಬದಲಾಗುತ್ತಿರುವ ಹಿಮ

ಸ್ಥಳೀಯರ ಮಾತನ್ನು ಕೇಳಬೇಕು ಎಂಬುದು ಎಲ್ಲ ಪ್ರಯಾಣಕ್ಕೂ ಒಪ್ಪುವ ಬುದ್ಧಿವಾದ. ಸ್ವಾಲ್‌ಬಾರ್ಡಿನಲ್ಲಿ ಈಗ ಸ್ಥಳೀಯರ ಅನುಭವವೂ ಸಾಲದಾಗುತ್ತಿದೆ. ಆ ಪ್ರದೇಶ ಜಗತ್ತಿನ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ. 2020ರ ಜುಲೈ 25ರಂದು ಲಾಂಗ್‌ಯಿಯರ್‌ಬೀನ್‌ನಲ್ಲಿ 21.7 ಡಿಗ್ರಿ ಉಷ್ಣತೆ ದಾಖಲಾಯಿತು. ಹಿಂದೆ ಚಳಿಗಾಲವಿಡೀ ಗಟ್ಟಿಯಾಗಿರುತ್ತಿದ್ದ ಕಡಲ ಮೇಲಿನ ಮಂಜು ಈಗ ನಂಬಿಕೆಗೆ ಅರ್ಹವಲ್ಲ. ನಡುಚಳಿಗಾಲದಲ್ಲೂ ಮಳೆ ಬರುವುದುಂಟು. 2015ರ ಡಿಸೆಂಬರ್ 19ರಂದು ಬಿರುಗಾಳಿಯ ಬೆನ್ನಿಗೇ ಬೆಟ್ಟದ ಮೇಲಿನ ಹಿಮ ಕುಸಿದು ಊರಿನ ಹನ್ನೊಂದು ಮನೆಗಳನ್ನು ನೂಕಿಕೊಂಡು ಹೋಯಿತು. ಒಬ್ಬ ಗಂಡಸು ಮತ್ತು ಒಂದು ಪುಟ್ಟ ಮಗು ಸತ್ತರು. ಅವರು ಸಾಹಸಕ್ಕೆ ಹೊರಟವರಲ್ಲ, ತಮ್ಮ ಮನೆಯೊಳಗಿದ್ದವರು. ಆದ್ದರಿಂದ ಹವೆ ಸರಿಯಿಲ್ಲವೆಂದು ಮಾರ್ಗದರ್ಶಿ ಯಾತ್ರೆ ರದ್ದು ಮಾಡಿದರೆ ಕೊಟ್ಟ ಹಣದ ಲೆಕ್ಕ ಹಾಕುತ್ತ ವಾದಕ್ಕಿಳಿಯಬಾರದು.

ಕೆಲವು ಸಣ್ಣ ಸಂಗತಿಗಳು. ಹೋಟೆಲು, ವಸ್ತುಸಂಗ್ರಹಾಲಯಗಳ ಬಾಗಿಲಲ್ಲೇ ಬೂಟು ಕಳಚಿಡಬೇಕು. ಗಣಿ ಕಾರ್ಮಿಕರ ಕಾಲಿನ ಕಲ್ಲಿದ್ದಲು ಮಸಿ ಒಳಗೆ ಬಾರದಿರಲೆಂದು ಹುಟ್ಟಿದ ಪದ್ಧತಿ ಇದು. ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ನಮಗೆ ಇದೇನೂ ಹೊಸದಲ್ಲ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಒಯ್ದರೆ ದಿನ ಕಳೆಯುತ್ತದೆ. ಆದರೆ ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ನಾರ್ವೆಯೊಳಗೆ ತರುವಂತಿಲ್ಲ, ಪೇಡ ಮನೆಯಲ್ಲೇ ಇರಲಿ. ತುರ್ತು ಚಿಕಿತ್ಸೆಗೆ ದೂರವಾಣಿ 113, ಪೊಲೀಸರಿಗೆ 112.

ಅಲ್ಲಿ ನಮ್ಮವರೂ ಇದ್ದಾರೆ. ಲಾಂಗ್‌ಯಿಯರ್‌ಬೀನ್‌ಗಿಂತಲೂ ಉತ್ತರಕ್ಕಿರುವ ನ್ಯೂ-ಓಲೆಸುಂಡ್ ಎಂಬ ಹಳೆಯ ಗಣಿ ಊರು ಈಗ ಸಂಶೋಧಕರ ಊರು. 2008ರಲ್ಲಿ ಭಾರತ ಅಲ್ಲಿ ‘ಹಿಮಾದ್ರಿ’ ಎಂಬ ಸಂಶೋಧನಾ ಕೇಂದ್ರ ತೆರೆಯಿತು. 2023ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಭಾರತೀಯ ತಂಡವೊಂದು ಅಲ್ಲಿನ ಚಳಿಗಾಲದ ಕತ್ತಲಲ್ಲಿ ಕೆಲಸ ಮಾಡಲು ಹೊರಟಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಯೂ ಅದರಲ್ಲಿದ್ದರು. ಆಕಾಶದಿಂದ ಬರುವ ಕ್ಷೀಣ ರೇಡಿಯೋ ಅಲೆಗಳನ್ನು ಆಲಿಸಲು ಆ ಮೌನದ ಜಾಗ ತಕ್ಕುದೇ ಎಂದು ನೋಡುವುದು ಅವರ ಕೆಲಸವಾಗಿತ್ತು.

ಅಂಥವರು ಒಬ್ಬೊಬ್ಬರೇ ಹೊರಗೆ ಅಡ್ಡಾಡುವುದಿಲ್ಲ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಯಾರಿಗಾದರೂ ಹೇಳಿಯೇ ಹೊರಡುತ್ತಾರೆ. ಪ್ರವಾಸಿಯೂ ಹೋಟೆಲಿನ ಬಾಗಿಲು ದಾಟುವ ಮುನ್ನ ಅಷ್ಟನ್ನು ಮಾಡಬೇಕು. ಹೊತ್ತಿಗೆ ಸರಿಯಾಗಿ ತಾನು ಮರಳದಿದ್ದರೆ ಅದನ್ನು ಗಮನಿಸುವವರು ಯಾರು ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಆ ಪ್ರಶ್ನೆಗೆ ಉತ್ತರವಿದ್ದವರು ಧಾರಾಳವಾಗಿ ಹೊರಡಬಹುದು.